ಬಳ್ಳಾರಿ ಜೀನ್ಸ್ ಆನ್‌ಲೈನ್ ಮಾರುವವರಿಗೆ: ಟ್ಯಾಲಿಯಲ್ಲಿ ಗಿರಾಕಿಗಳ ದಾಖಲೆ ಇಡುವ ಸಮಗ್ರ ಮಾರ್ಗದರ್ಶಿ

ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಇವತ್ತು ಮೂರು ದಾರಿಯಲ್ಲಿ ಆನ್‌ಲೈನ್ ಮಾರಾಟವಾಗುತ್ತದೆ. ಒಂದು, ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋದಂಥ ಮಾರ್ಕೆಟ್‌ಪ್ಲೇಸ್. ಎರಡು, ಸ್ವಂತ ವೆಬ್‌ಸೈಟ್ ಇಲ್ಲವೇ ಇನ್‌ಸ್ಟಾಗ್ರಾಂ. ಮೂರು, ವಾಟ್ಸಾಪ್‌ನಲ್ಲಿ ಫೋಟೋ ನೋಡಿ ಡಜನ್‌ಗಟ್ಟಲೆ ಆರ್ಡರ್ ಹಾಕುವ ಹೋಲ್‌ಸೇಲ್ ಅಂಗಡಿಯವರು. ಈ ಮೂವರನ್ನೂ ಒಂದೇ ರೀತಿ ಲೆಡ್ಜರ್‌ಗೆ (ಲೆಕ್ಕದ ಖಾತೆಗೆ) ಏರಿಸಿದರೆ ಆರು ತಿಂಗಳಲ್ಲಿ ಸಂಡ್ರಿ ಡೆಟರ್ಸ್ (ನಿಮಗೆ ಹಣ ಕೊಡಬೇಕಾದವರ) ಪಟ್ಟಿ ಕೈಮೀರುತ್ತದೆ. ಆದ್ದರಿಂದ ಲೆಡ್ಜರ್ ತೆರೆಯುವುದು ಹೇಗೆ ಎನ್ನುವುದಕ್ಕಿಂತ ಮೊದಲು, ಯಾರಿಗೆ ತೆರೆಯಬೇಕು, ಯಾರಿಗೆ ಬೇಡ ಎಂಬುದು ತೀರ್ಮಾನ ಆಗಬೇಕು.

ಕೆಳಗಿನ ಹೆಜ್ಜೆಗಳು ಟ್ಯಾಲಿಪ್ರೈಮ್ ಎಂಬ ಲೆಕ್ಕದ ಸಾಫ್ಟ್‌ವೇರ್‌ಗೆ ಬರೆದವು. ಬೇರೆ ಸಾಫ್ಟ್‌ವೇರ್ ಇದ್ದರೆ ಗುಂಡಿಗಳ ಹೆಸರು ಬದಲಾಗುತ್ತವೆ, ಲೆಕ್ಕದ ತರ್ಕ ಬದಲಾಗುವುದಿಲ್ಲ.

ಯಾರಿಗೆ ಲೆಡ್ಜರ್, ಯಾರಿಗೆ ಬೇಡ

ನಿಮಗೆ ರೊಕ್ಕ ಕೊಡಬೇಕಾದವರು ಯಾರೋ ಅವರ ಹೆಸರಲ್ಲಿ ಲೆಡ್ಜರ್ ಇರಬೇಕು. ಮಾರ್ಕೆಟ್‌ಪ್ಲೇಸ್‌ನಲ್ಲಿ ಒಂದು ಪ್ಯಾಂಟ್ ಕೊಂಡ ಪುಣೆಯ ಗಿರಾಕಿ ನಿಮಗೆ ಏನೂ ಕೊಡಬೇಕಾಗಿಲ್ಲ. ಅವರು ಕೊಟ್ಟ ಹಣ ಮಾರ್ಕೆಟ್‌ಪ್ಲೇಸ್ ಬಳಿ ಇದೆ, ಬಾಕಿದಾರ ಆ ಮಾರ್ಕೆಟ್‌ಪ್ಲೇಸೇ. ಹಾಗಾಗಿ ಅಲ್ಲಿನ ಒಬ್ಬೊಬ್ಬ ಗಿರಾಕಿಗೂ ಲೆಡ್ಜರ್ ತೆರೆಯಬೇಡಿ. ಪ್ರತಿ ಮಾರ್ಕೆಟ್‌ಪ್ಲೇಸ್‌ಗೆ ಎರಡು ಲೆಡ್ಜರ್ ಸಾಕು.

ಎರಡು ಯಾಕೆ? ಬಹಳ ಜನ ಎಡವುವುದು ಇಲ್ಲೇ. ಮಾರ್ಕೆಟ್‌ಪ್ಲೇಸ್ ಕಮಿಷನ್ನಿಗೆ ನಿಮಗೆ ಬಿಲ್ ಕೊಡುತ್ತದೆ, ಅದರ ಇನ್‌ಪುಟ್ ಕ್ರೆಡಿಟ್ (ಆ ಬಿಲ್ಲಿನ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಪಡೆಯಲು ಅದರ ಜಿಎಸ್‌ಟಿ ನಂಬರ್ ಬೇಕು. ಗುಮಾಸ್ತರು ಆ ನಂಬರನ್ನು ಒಂದೇ ಲೆಡ್ಜರ್‌ಗೆ ಹಾಕಿ, ‘ರೆಗ್ಯುಲರ್’ ಎಂದು ಗುರುತು ಮಾಡಿ, ಅದೇ ಲೆಡ್ಜರ್ ಇಟ್ಟುಕೊಂಡು ಮಾರಾಟದ ಎಂಟ್ರಿಯನ್ನೂ ಹೊಡೆಯುತ್ತಾರೆ. ಜಿಎಸ್‌ಟಿಆರ್-1 (ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್) ತೆಗೆದಾಗ ಇಡೀ ತಿಂಗಳ ಚಿಲ್ಲರೆ ಮಾರಾಟ ಆ ಕಂಪನಿಗೇ ಮಾರಿದಂತೆ ಬಿ2ಬಿಯಲ್ಲಿ (ನೋಂದಾಯಿತ ವ್ಯಾಪಾರಿಗಳಿಗೆ ಮಾರಿದ ಪಟ್ಟಿಯಲ್ಲಿ) ಕೂತಿರುತ್ತದೆ. ಇದನ್ನು ತಪ್ಪಿಸಲು:

1. ‘(ಮಾರ್ಕೆಟ್‌ಪ್ಲೇಸ್ ಹೆಸರು) – ಬರಬೇಕಾದದ್ದು’: ಸಂಡ್ರಿ ಡೆಟರ್ಸ್ ಕೆಳಗೆ, ನೋಂದಣಿ ಬಗೆ ಅನ್‌ರಿಜಿಸ್ಟರ್ಡ್/ಕನ್ಸ್ಯೂಮರ್, ಜಿಎಸ್‌ಟಿ ನಂಬರ್ ಖಾಲಿ.
2. ‘(ಮಾರ್ಕೆಟ್‌ಪ್ಲೇಸ್ ಹೆಸರು) – ಕಮಿಷನ್’: ಸಂಡ್ರಿ ಕ್ರೆಡಿಟರ್ಸ್ (ನೀವು ಹಣ ಕೊಡಬೇಕಾದವರು) ಕೆಳಗೆ, ಜಿಎಸ್‌ಟಿ ನಂಬರ್ ಸಮೇತ.

ಮಾರಾಟದ ವೋಚರ್‌ನಲ್ಲಿ ಪಾರ್ಟಿ ಮೊದಲನೇ ಲೆಡ್ಜರ್. ಪಾರ್ಟಿ ಡೀಟೇಲ್ಸ್ ಪರದೆ ಬಂದಾಗ ಬಯ್ಯರ್ ಜಾಗದಲ್ಲಿ ಗಿರಾಕಿಯ ರಾಜ್ಯವನ್ನು ಹಾಕಿ. ತೆರಿಗೆ ನಿರ್ಧಾರ ಆಗುವುದು ಅದರಿಂದ. ಬಿಲ್ಲಿನ ಸರಣಿ ಮಾರ್ಕೆಟ್‌ಪ್ಲೇಸ್‌ನಲ್ಲೇ ಹುಟ್ಟುವಾಗ ತಿಂಗಳ ರಿಪೋರ್ಟ್ ಇಳಿಸಿಕೊಂಡು ರಾಜ್ಯವಾರು, ದರವಾರು ಒಟ್ಟು ಎಂಟ್ರಿ ಹಾಕುವವರೇ ಹೆಚ್ಚು. ಹಾಗೆ ಮಾಡುವುದಾದರೆ ಮೂಲ ರಿಪೋರ್ಟ್ ಫೈಲನ್ನು ತಿಂಗಳ ಹೆಸರಿಟ್ಟು ಉಳಿಸಿಕೊಳ್ಳಿ, ಜಿಎಸ್‌ಟಿಆರ್-1ರ 13ನೇ ಕೋಷ್ಟಕದಲ್ಲಿ ಆ ಬಿಲ್ ಸರಣಿಯ ಮೊದಲ ಮತ್ತು ಕೊನೆಯ ನಂಬರ್ ತೋರಿಸಿ. 14ನೇ ಕೋಷ್ಟಕದಲ್ಲಿ ಮಾರ್ಕೆಟ್‌ಪ್ಲೇಸ್‌ನ ಜಿಎಸ್‌ಟಿ ನಂಬರ್‌ವಾರು ಒಟ್ಟು ಮಾರಾಟ ಬೇರೆ ಹೋಗಬೇಕು.

ಮಾರ್ಕೆಟ್‌ಪ್ಲೇಸ್ ಹಣ ಕೊಡುವಾಗ ಕಮಿಷನ್ ಜೊತೆಗೆ ಇನ್ನೆರಡು ಕಡಿತ ಇರುತ್ತವೆ: ವಾಪಸಾತಿ ಕಳೆದ ತೆರಿಗೆರಹಿತ ಮಾರಾಟದ ಮೇಲೆ ಮಾರ್ಕೆಟ್‌ಪ್ಲೇಸೇ ಹಿಡಿದು ಸರ್ಕಾರಕ್ಕೆ ಕಟ್ಟುವ ಜಿಎಸ್‌ಟಿ ಟಿಸಿಎಸ್ 0.5% (2024ರ ಜುಲೈ 10ರಿಂದ, ಮೊದಲು 1% ಇತ್ತು), ಮತ್ತು ಆದಾಯ ತೆರಿಗೆಯ ಟಿಡಿಎಸ್ 0.1% (2024ರ ಅಕ್ಟೋಬರ್ 1ರಿಂದ). ಎರಡೂ ಖರ್ಚಲ್ಲ, ನಿಮ್ಮದೇ ರೊಕ್ಕ. ಪ್ರತ್ಯೇಕ ಲೆಡ್ಜರ್‌ನಲ್ಲಿ ಆಸ್ತಿಯಾಗಿ ಹಾಕಿ. ಟಿಸಿಎಸ್ ಅನ್ನು ಪೋರ್ಟಲ್‌ನಲ್ಲಿ ಒಪ್ಪಿಕೊಂಡ ಮೇಲಷ್ಟೇ ಅದು ಪೋರ್ಟಲ್‌ನಲ್ಲಿರುವ ನಿಮ್ಮ ಕ್ಯಾಶ್ ಲೆಡ್ಜರ್‌ಗೆ (ತೆರಿಗೆ ಕಟ್ಟುವ ಖಾತೆಗೆ) ಬರುತ್ತದೆ. ಒಪ್ಪಿಗೆ ಕೊಡುವುದನ್ನೇ ಮರೆತ ಅಂಗಡಿಗಳು ಬೇಕಾದಷ್ಟಿವೆ.

ಸ್ವಂತ ವೆಬ್‌ಸೈಟ್‌ನ ಗಿರಾಕಿ ಮೊದಲೇ ಹಣ ಕಟ್ಟಿರುತ್ತಾರೆ. ಅಲ್ಲಿ ಬಾಕಿದಾರ ಪೇಮೆಂಟ್ ಗೇಟ್‌ವೇ, ಅಂದರೆ ಆನ್‌ಲೈನ್ ಹಣ ಪಡೆದು ನಿಮಗೆ ಕಳಿಸುವ ಕಂಪನಿ. ಎರಡು ಪ್ಯಾಂಟ್, ತೆರಿಗೆ ಬಿಟ್ಟು ₹1,890, 5% ಜಿಎಸ್‌ಟಿ ಸೇರಿ ₹1,984.50 ಎಂದಿಟ್ಟುಕೊಳ್ಳಿ (2025ರ ಸೆಪ್ಟೆಂಬರ್ 22ರಿಂದ ₹2,500ರೊಳಗಿನ ಪೀಸಿಗೆ 5%, ಮೇಲಾದರೆ 18%). ಗೇಟ್‌ವೇ 2% ಶುಲ್ಕ ₹39.69, ಅದರ ಮೇಲೆ 18% ಜಿಎಸ್‌ಟಿ ₹7.14 ಹಿಡಿದು ಬ್ಯಾಂಕಿಗೆ ₹1,937.67 ಹಾಕುತ್ತದೆ. ಮಾರಾಟದ ಬಿಲ್ ಎಂದು ಬರೆಯಬೇಕಾದದ್ದು ತೆರಿಗೆ ಸೇರಿದ ₹1,984.50, ಬ್ಯಾಂಕಿಗೆ ಬಿದ್ದ ಮೊತ್ತ ಅಲ್ಲ. ಬಿದ್ದಷ್ಟನ್ನೇ ಮಾರಾಟ ಎಂದರೆ ತೆರಿಗೆಯೂ ಕಡಿಮೆ ತೋರುತ್ತದೆ, ₹7.14ರ ಕ್ರೆಡಿಟ್ಟೂ ಕೈಬಿಡುತ್ತದೆ. ಕ್ಯಾಶ್ ಆನ್ ಡೆಲಿವರಿ ಇದ್ದರೆ ಇದೇ ಕ್ರಮ, ಲೆಡ್ಜರ್ ಮಾತ್ರ ಕೊರಿಯರ್ ಕಂಪನಿ ಹೆಸರಲ್ಲಿ. ನೋಂದಣಿ ಇಲ್ಲದ ಗಿರಾಕಿಯ ಬಿಲ್ ₹50,000 ಮುಟ್ಟಿದರೆ ಹೆಸರು, ವಿಳಾಸ, ರಾಜ್ಯ ಬಿಲ್ಲಿನಲ್ಲಿ ಕಡ್ಡಾಯ. ಅದರೊಳಗೂ ರಾಜ್ಯದ ಹೆಸರು ಬರೆದೇ ಇರಿ.

ಹೋಲ್‌ಸೇಲ್ ಅಂಗಡಿಯವರಿಗೆ ಮಾತ್ರ ತಲಾ ಒಂದು ಲೆಡ್ಜರ್ ಬೇಕೇ ಬೇಕು. ಉದ್ರಿ ಹೋಗುವುದು ಅಲ್ಲೇ, ಮುಳುಗುವುದೂ ಅಲ್ಲೇ. ಮುಂದಿನದೆಲ್ಲ ಹೆಚ್ಚಾಗಿ ಅವರ ಬಗ್ಗೆ.

ಟ್ಯಾಲಿ ಮುಟ್ಟುವ ಮೊದಲು: ಎಕ್ಸೆಲ್ ಹಾಳೆ

ವಾಟ್ಸಾಪ್ ಗುಂಪುಗಳು, ಹಳೆ ಬಿಲ್ ಬುಕ್, ಮೊಬೈಲ್ ಕಾಂಟ್ಯಾಕ್ಟ್ ಎಲ್ಲ ಕಡೆ ಚದುರಿದ ಹೆಸರುಗಳನ್ನು ಮೊದಲು ಒಂದು ಹಾಳೆಗೆ ತನ್ನಿ. ಕಾಲಂಗಳು: ಅಂಗಡಿ ಹೆಸರು, ಮಾಲೀಕರ ಹೆಸರು, ಮೊಬೈಲ್, ಜಿಎಸ್‌ಟಿ ನಂಬರ್, ವಿಳಾಸ, ಊರು, ಪಿನ್, ರಾಜ್ಯ, ಉದ್ರಿ ದಿನ, ಉದ್ರಿ ಮಿತಿ, ಟ್ರಾನ್ಸ್‌ಪೋರ್ಟ್, ಬಾಕಿ. ಆಧಾರ್ ಬೇಡ. ಜೀನ್ಸ್ ಮಾರಲು ಆಧಾರ್ ಯಾಕೆ ಬೇಕು? ಅದರ ಫೋಟೋ ಅಂಗಡಿ ಮೊಬೈಲ್‌ನಲ್ಲಿ ಇದ್ದಷ್ಟೂ ನಿಮಗೇ ಅಪಾಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಕೆಲಸಕ್ಕೆ ಬೇಕಾದಷ್ಟನ್ನೇ ಕೇಳಿ ಎಂಬುದು.

ಮೊಬೈಲ್, ಪಿನ್ ಕಾಲಂಗಳನ್ನು ಅಂಕಿ ಹಾಕುವ ಮುಂಚೆಯೇ ‘ಟೆಕ್ಸ್ಟ್’ ಫಾರ್ಮ್ಯಾಟ್‌ಗೆ ತಿರುಗಿಸಿ. ಇಲ್ಲದಿದ್ದರೆ 91 ಸೇರಿದ ಹನ್ನೆರಡು ಅಂಕಿಯ ನಂಬರ್ 9.19ಇ+11 ಎಂದು ಮುದುಡಿಕೊಳ್ಳುತ್ತದೆ, ಸಿಎಸ್‌ವಿ ಆಗಿ ಉಳಿಸಿದರೆ ಕೊನೆಯ ಅಂಕಿಗಳು ಹೋಗೇ ಹೋಗುತ್ತವೆ. ಆಮೇಲೆ ರೈಟ್ ಸೂತ್ರದಿಂದ ಕೊನೆಯ ಹತ್ತು ಅಂಕಿ ಮಾತ್ರ ಉಳಿಸಿ, ಕೌಂಟ್‌ಇಫ್ ಹಾಕಿ ಎರಡು ಸಲ ಬಂದ ನಂಬರ್‌ಗಳನ್ನು ಹಿಡಿಯಿರಿ.

ಒಬ್ಬ ಗಿರಾಕಿಯನ್ನು ಗುರುತಿಸುವುದು ಹೆಸರಿನಿಂದ ಅಲ್ಲ. ವೆಂಕಟೇಶ್ವರ ಡ್ರೆಸಸ್ ಎಂಬಂಥ ಹೆಸರು ಯಾವ ಊರಿನ ಪೇಟೆಯಲ್ಲಿ ಇಲ್ಲ? ಜಿಎಸ್‌ಟಿ ಇದ್ದವರಿಗೆ ಜಿಎಸ್‌ಟಿ ನಂಬರ್, ಇಲ್ಲದವರಿಗೆ ಮೊಬೈಲ್ ನಂಬರ್, ಇವೇ ಗುರುತು. ಊರ ಹೆಸರಿನ ಸ್ಪೆಲಿಂಗ್ ಕೂಡ ಒಬ್ಬರನ್ನೇ ಇಬ್ಬರು ಮಾಡುತ್ತದೆ. ಬೆಳ್ಳಾರಿ, ಹಾಸ್ಪೆಟ್ ಎಂಬ ಹಳೆ ಇಂಗ್ಲಿಷ್ ರೂಪಗಳು 2014ರ ನವೆಂಬರ್ 1ರಂದು ಅಧಿಕೃತವಾಗಿ ಬಳ್ಳಾರಿ, ಹೊಸಪೇಟೆ ಆದವು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಹೋಯಿತು. ಹಳೆ ಪಟ್ಟಿಯಲ್ಲಿ ಈ ಎಲ್ಲ ರೂಪಗಳೂ ಸಿಗುತ್ತವೆ. ಒಂದನ್ನು ಆರಿಸಿ, ಫೈಂಡ್-ರಿಪ್ಲೇಸ್‌ನಿಂದ ಉಳಿದವನ್ನು ಬದಲಿಸಿ.

ಗಡಿಯ ಗಿರಾಕಿ

ಬಳ್ಳಾರಿ, ರಾಯಚೂರಿನಂಥ ಗಡಿ ಜಿಲ್ಲೆಯವರಿಗೆ ಇರುವ ತೊಂದರೆ ಇದು, ಬೆಂಗಳೂರಿನ ಆಡಿಟರ್‌ಗೂ ಚಟ್ಟನೆ ಹೊಳೆಯುವುದಿಲ್ಲ. ಫೋನಿನಲ್ಲಿ ಸೊಗಸಾಗಿ ಕನ್ನಡ ಮಾತಾಡುವ ಗಿರಾಕಿ ಆದೋನಿಯವರಿರಬಹುದು, ರಾಯದುರ್ಗದವರಿರಬಹುದು, ಗದ್ವಾಲದವರೂ ಇರಬಹುದು. ಗುಮಾಸ್ತರು ಯೋಚಿಸದೆ ರಾಜ್ಯ ಕರ್ನಾಟಕ ಎಂದು ಹಾಕುತ್ತಾರೆ, ಐಜಿಎಸ್‌ಟಿ (ಹೊರ ರಾಜ್ಯದ ಮಾರಾಟದ ತೆರಿಗೆ) ಬದಲು ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ (ರಾಜ್ಯದೊಳಗಿನ ಮಾರಾಟದ್ದು) ಬೀಳುತ್ತದೆ.

ಪಿನ್ ನೋಡಿ ರಾಜ್ಯ ಹಾಕುವ ರೂಢಿ ಮಾಡಿಸಿ. ಮೊದಲ ಎರಡು ಅಂಕಿ 56ರಿಂದ 59 ಇದ್ದರೆ ಕರ್ನಾಟಕ: ಬಳ್ಳಾರಿ 583101, ಕೊಪ್ಪಳ 583231, ರಾಯಚೂರು 584101. 50 ಇದ್ದರೆ ತೆಲಂಗಾಣ. ಗದ್ವಾಲ 509ರಿಂದ ಶುರು. 51 ಇದ್ದರೆ ಆಂಧ್ರ. ಗುಂತಕಲ್, ರಾಯದುರ್ಗ 515, ಆದೋನಿ 518. ಜಿಎಸ್‌ಟಿ ನಂಬರ್‌ನ ಮೊದಲೆರಡು ಅಂಕಿ ಇದಕ್ಕೆ ಹೊಂದಬೇಕು: ಕರ್ನಾಟಕ 29, ತೆಲಂಗಾಣ 36, ಆಂಧ್ರ 37.

ಆದರೂ ಹೊಂದದೆ ಇರುವ ಒಂದು ನ್ಯಾಯವಾದ ಸಂದರ್ಭ ಉಂಟು. ಹೈದರಾಬಾದಿನ ವ್ಯಾಪಾರಿ ಆರ್ಡರ್ ಕೊಟ್ಟು, ಮಾಲನ್ನು ಸೀದಾ ಸಿಂಧನೂರಿನ ಅಂಗಡಿಗೆ ಇಳಿಸಿ ಎನ್ನುತ್ತಾರೆ. ಬಿಲ್ ಹೈದರಾಬಾದಿಗೆ, ಮಾಲು ಕರ್ನಾಟಕದೊಳಗೇ. ಇಲ್ಲಿ ತೆರಿಗೆಗೆ ಲೆಕ್ಕ ಬಿಲ್ ಹೋದ ವ್ಯಾಪಾರಿಯ ರಾಜ್ಯ, ಅಂದರೆ ಐಜಿಎಸ್‌ಟಿ. ಬಯ್ಯರ್ (ಬಿಲ್ ಹೋಗುವವರ) ವಿಳಾಸ, ಕನ್ಸೈನೀ (ಮಾಲು ಇಳಿಸಿಕೊಳ್ಳುವವರ) ವಿಳಾಸ ಎರಡನ್ನೂ ಬೇರೆ ಬೇರೆ ತುಂಬಿ.

ತಪ್ಪು ತಲೆಬರಹದಲ್ಲಿ ತೆರಿಗೆ ಕಟ್ಟಿ ಆಗಿದ್ದರೆ ಸರಿಯಾದದ್ದನ್ನು ಹೊಸದಾಗಿ ಕಟ್ಟಬೇಕು, ತಪ್ಪಿ ಕಟ್ಟಿದ್ದನ್ನು ರೀಫಂಡ್ ಕೇಳಬೇಕು. ಬಡ್ಡಿ ಇಲ್ಲ, ನಿಜ. ಆದರೆ ರೀಫಂಡ್ ಬರುವ ತನಕ ಎರಡು ಸಲ ಕಟ್ಟಿದ ಹಣ ಸಿಕ್ಕಿಹಾಕಿಕೊಂಡಿರುತ್ತದೆ.

ಜಿಎಸ್‌ಟಿ ನಂಬರ್ ಓದುವುದು

ವಾಟ್ಸಾಪ್‌ನಲ್ಲಿ ಬಂದ ನಂಬರನ್ನು ಹಾಗೇ ನಂಬಬೇಡಿ. ಒಟ್ಟು 15 ಸ್ಥಾನ: ರಾಜ್ಯದ 2, ಪ್ಯಾನ್ 10, ಅದೇ ಪ್ಯಾನ್‌ನಲ್ಲಿ ಆ ರಾಜ್ಯದ ಎಷ್ಟನೇ ನೋಂದಣಿ ಎಂಬುದಕ್ಕೆ 1, ಸಾಮಾನ್ಯವಾಗಿ ಜಡ್ ಅಕ್ಷರ, ಕೊನೆಗೆ ತಾಳೆ ನೋಡುವ 1. ಪ್ಯಾನ್‌ನಲ್ಲಿ ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. ಆದ್ದರಿಂದ 3ರಿಂದ 7ನೇ ಸ್ಥಾನದಲ್ಲಿ ಸೊನ್ನೆ ಇರಲಾರದು, 8ರಿಂದ 11ನೇ ಸ್ಥಾನದಲ್ಲಿ ‘ಓ’ ಅಕ್ಷರ ಇರಲಾರದು. ತಪ್ಪುಗಳಲ್ಲಿ ಬಹುಪಾಲು ಈ ‘ಓ’ ಮತ್ತು ಸೊನ್ನೆ, ‘ಐ’ ಮತ್ತು ಒಂದರ ಗೊಂದಲವೇ. 6ನೇ ಸ್ಥಾನದ ಅಕ್ಷರ ‘ಪಿ’ ಇದ್ದರೆ ವ್ಯಕ್ತಿ, ‘ಎಫ್’ ಪಾಲುದಾರಿಕೆ ಸಂಸ್ಥೆ, ‘ಸಿ’ ಕಂಪನಿ. ‘ನಮ್ಮದು ಪ್ರೈವೇಟ್ ಲಿಮಿಟೆಡ್’ ಎಂದವರ ನಂಬರ್‌ನಲ್ಲಿ ‘ಪಿ’ ಕಂಡರೆ ಇನ್ನೊಮ್ಮೆ ಕೇಳಿ.

ಆಮೇಲೆ ಜಿಎಸ್‌ಟಿ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ಹಾಕಿ ಮೂರು ನೋಡಿ: ಆ್ಯಕ್ಟಿವ್ ಇದೆಯೇ, ರೆಗ್ಯುಲರ್ರೋ ಕಾಂಪೊಸಿಷನ್ನೋ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆ), ರಿಟರ್ನ್ ಫೈಲ್ ಮಾಡುತ್ತಿದ್ದಾರೆಯೇ. ಆರು ತಿಂಗಳಿಂದ ರಿಟರ್ನ್ ಹಾಕದವರಿಗೆ ಉದ್ರಿ ಕೊಡುವಾಗ ಕೈ ಬಿಗಿ ಹಿಡಿಯಿರಿ. ಇದಕ್ಕಿಂತ ಅಗ್ಗದ ಸಾಲ ಪರೀಕ್ಷೆ ಇನ್ನೊಂದಿಲ್ಲ.

ಲೆಡ್ಜರ್ ತೆರೆಯುವುದು

ಗೇಟ್‌ವೇ ಆಫ್ ಟ್ಯಾಲಿಯಲ್ಲಿ (ಟ್ಯಾಲಿಯ ಮೊದಲ ಪರದೆಯಲ್ಲಿ) ಕ್ರಿಯೇಟ್, ಲೆಡ್ಜರ್. ಮೊದಲಿಗೆ ಎಫ್11ನಲ್ಲಿ ಬಿಲ್-ವೈಸ್ ಎಂಟ್ರಿ ‘ಯೆಸ್’ ಇದೆಯೇ ನೋಡಿಕೊಳ್ಳಿ.

1. ಹೆಸರು: ಅಂಗಡಿ – ಊರು – ಮೊಬೈಲ್‌ನ ಕೊನೆಯ ನಾಲ್ಕು ಅಂಕಿ, ಈ ಕ್ರಮದಲ್ಲೇ. ಎಲ್ಲರಿಗೂ ಇದೇ ಕ್ರಮ ಇದ್ದರೆ ಒಂದೇ ಹೆಸರಿನ ಎರಡು ಅಂಗಡಿ ಕಲಸುವುದಿಲ್ಲ.
2. ಏಲಿಯಾಸ್ (ಎರಡನೇ ಹೆಸರು): ಪೂರ್ತಿ ಹತ್ತು ಅಂಕಿಯ ಮೊಬೈಲ್. ಫೋನ್ ಬಂದಾಗ ನಂಬರ್ ಹೊಡೆದರೆ ಲೆಡ್ಜರ್ ಎದುರಿಗೆ ಬರುತ್ತದೆ. ಟ್ಯಾಲಿ ಒಂದೇ ಏಲಿಯಾಸನ್ನು ಎರಡು ಲೆಡ್ಜರ್‌ಗೆ ಒಪ್ಪುವುದಿಲ್ಲ, ಹಾಗಾಗಿ ಡೂಪ್ಲಿಕೇಟ್ ತಡೆಗೂ ಇದೇ ಕಾವಲು.
3. ಅಂಡರ್: ನೇರವಾಗಿ ಸಂಡ್ರಿ ಡೆಟರ್ಸ್ ಬದಲು ಅದರ ಕೆಳಗೆ ಉಪಗುಂಪು ಮಾಡಿಕೊಳ್ಳಿ: ಹೋಲ್‌ಸೇಲ್ ಕರ್ನಾಟಕ, ಹೋಲ್‌ಸೇಲ್ ಆಂಧ್ರ-ತೆಲಂಗಾಣ, ಮಾರ್ಕೆಟ್‌ಪ್ಲೇಸ್, ಗೇಟ್‌ವೇ-ಕೊರಿಯರ್.
4. ಮೇಂಟೇನ್ ಬ್ಯಾಲೆನ್ಸಸ್ ಬಿಲ್-ಬೈ-ಬಿಲ್: ಯೆಸ್. ಉದ್ರಿ ದಿನ ತುಂಬಿ, ವೋಚರ್ ಹೊಡೆಯುವಾಗ ಉದ್ರಿ ದಿನ ಪರಿಶೀಲಿಸುವ ಆಯ್ಕೆಗೂ ಯೆಸ್.
5. ವಿಳಾಸ, ರಾಜ್ಯ, ಪಿನ್, ನೋಂದಣಿ ಬಗೆ, ಜಿಎಸ್‌ಟಿ ನಂಬರ್.
6. ಓಪನಿಂಗ್ ಬ್ಯಾಲೆನ್ಸ್: ಒಟ್ಟು ಮೊತ್ತ ಒಂದೇ ಸಾಲಿನಲ್ಲಿ ಬೇಡ. ಬಿಲ್ ನಂಬರ್, ತಾರೀಕು ಸಹಿತ ಒಂದೊಂದಾಗಿ ಒಡೆದು ಹಾಕಿ.

ನಿಮ್ಮದು ಉದ್ಯಮ್ ನೋಂದಣಿ ಇರುವ ಕಿರು ಅಥವಾ ಸಣ್ಣ ತಯಾರಿಕಾ ಘಟಕವಾದರೆ ಉದ್ರಿ ದಿನ 45 ದಾಟಿಸಬೇಡಿ. ಬರಹದ ಒಪ್ಪಂದ ಇದ್ದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಖರೀದಿದಾರ ಹಣ ಕೊಡಬೇಕು. ತಡ ಮಾಡಿದರೆ ಆ ಖರ್ಚು ಅವರ ಆದಾಯ ತೆರಿಗೆ ಲೆಕ್ಕದಲ್ಲಿ ಹಣ ಕೊಟ್ಟ ವರ್ಷಕ್ಕೆ ಮುಂದೆ ಹೋಗುತ್ತದೆ. ಉದ್ಯಮ್ ನಂಬರನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿದರೆ ಮಾರ್ಚ್ ತಿಂಗಳಲ್ಲಿ ವಸೂಲಿ ತಾನಾಗೇ ಸರಾಗ ಆಗುತ್ತದೆ.

ನೂರಾರು ಹೆಸರಿದ್ದರೆ ಟ್ಯಾಲಿಪ್ರೈಮ್ 4.0 ಮತ್ತು ನಂತರದ ಆವೃತ್ತಿಗಳಲ್ಲಿ ಎಕ್ಸೆಲ್‌ನಿಂದಲೇ ಇಂಪೋರ್ಟ್ ಮಾಡಬಹುದು. ಮೊದಲು ಬ್ಯಾಕಪ್, ಆಮೇಲೆ ಐದು ಹೆಸರಿನ ಸಣ್ಣ ಫೈಲ್ ಹಾಕಿ ನೋಡಿ, ರಾಜ್ಯ ಮತ್ತು ಜಿಎಸ್‌ಟಿ ಸರಿಯಾಗಿ ಕೂತಿವೆ ಎಂದಾದರೆ ಉಳಿದದ್ದು. ರಾಜ್ಯದ ಸ್ಪೆಲಿಂಗ್ ಟ್ಯಾಲಿಯ ಪಟ್ಟಿಯಲ್ಲಿ ಇರುವಂತೆಯೇ ಇರಬೇಕು.

ಮುಂಚೆ ಜಿಎಸ್‌ಟಿ ಇಲ್ಲದ ಗಿರಾಕಿ ಈಗ ನಂಬರ್ ತೆಗೆದುಕೊಂಡರೆ, ಹೊಸ ವಿವರವನ್ನು ಅನ್ವಯ ದಿನಾಂಕ ಹಾಕಿ ಸೇರಿಸಿ. ತಾರೀಕು ಕೇಳದ ಹಳೆ ಆವೃತ್ತಿಯಾದರೆ ಹೊಸ ಲೆಡ್ಜರ್ ತೆರೆಯುವುದೇ ಮೇಲು.

ಹಣ ಬಂದಾಗ

ದಾಖಲೆ ಕೆಡುವುದು ಲೆಡ್ಜರ್ ತೆರೆಯುವಾಗ ಅಲ್ಲ, ರಸೀದಿ ಹೊಡೆಯುವಾಗ. ಸಿರುಗುಪ್ಪದ ಅಂಗಡಿಯೊಂದರ ಮೂರು ಬಿಲ್ ಬಾಕಿ ಇದೆ ಎನ್ನಿ: ₹18,900, ₹12,600, ₹9,450. ಅವರು ಯುಪಿಐನಲ್ಲಿ ₹30,000 ಹಾಕಿದರು. ರಸೀದಿ ವೋಚರ್‌ನಲ್ಲಿ ಟ್ಯಾಲಿ ನಾಲ್ಕು ಆಯ್ಕೆ ಕೊಡುತ್ತದೆ: ಅಡ್ವಾನ್ಸ್ (ಮುಂಗಡ), ಅಗೇನ್ಸ್ಟ್ ರೆಫ್ (ಈಗಾಗಲೇ ಇರುವ ಬಿಲ್ಲಿಗೆ), ನ್ಯೂ ರೆಫ್ (ಹೊಸ ಬಿಲ್ಲಿನ ಹೆಸರಲ್ಲಿ), ಆನ್ ಅಕೌಂಟ್ (ಯಾವ ಬಿಲ್ಲಿಗೂ ಹೊಂದಿಸದೆ). ಸರಿಯಾದದ್ದು ಅಗೇನ್ಸ್ಟ್ ರೆಫ್: ಮೊದಲ ಬಿಲ್ಲಿಗೆ ₹18,900 ಪೂರ್ತಿ, ಎರಡನೆಯದಕ್ಕೆ ₹11,100. ಎರಡನೇ ಬಿಲ್ಲಿನಲ್ಲಿ ₹1,500, ಮೂರನೆಯದು ಪೂರ್ತಿ, ಒಟ್ಟು ₹10,950 ಬಾಕಿ.

ಅವಸರದಲ್ಲಿ ಆನ್ ಅಕೌಂಟ್ ಒತ್ತಿದರೆ ಒಟ್ಟು ಬಾಕಿ ಅಷ್ಟೇ ಬರುತ್ತದೆ, ಅದಕ್ಕೇ ಯಾರಿಗೂ ತಪ್ಪು ಕಾಣುವುದಿಲ್ಲ. ಆದರೆ ಬಿಲ್ಸ್ ರಿಸೀವೆಬಲ್ (ಬಿಲ್‌ವಾರು ಬಾಕಿ ಪಟ್ಟಿ) ತೆಗೆದರೆ ₹18,900 ಇನ್ನೂ ತೊಂಬತ್ತು ದಿನದ ಹಳೆ ಬಾಕಿಯಾಗಿ ನಿಂತಿರುತ್ತದೆ. ವಸೂಲಿ ಹುಡುಗ ಫೋನ್ ಮಾಡುತ್ತಾನೆ, ರೊಕ್ಕ ಕೊಟ್ಟ ಗಿರಾಕಿ ಸಿಟ್ಟಾಗುತ್ತಾರೆ. ವಾರಕ್ಕೊಮ್ಮೆ ಆನ್ ಅಕೌಂಟ್ ಮೊತ್ತಗಳನ್ನು ಬಿಲ್ಲಿಗೆ ಹೊಂದಿಸಿ ಸೊನ್ನೆ ಮಾಡಿ.

ಯುಪಿಐ ಹಣಕ್ಕೆ ಇನ್ನೊಂದು ತೊಡಕು: ಅಂಗಡಿ ತಂದೆ ಹೆಸರಲ್ಲಿ, ಹಣ ಬರುವುದು ಮಗನ ಖಾತೆಯಿಂದ. ಬ್ಯಾಂಕ್ ಸ್ಟೇಟ್‌ಮೆಂಟ್‌ನ 12 ಅಂಕಿಯ ಯುಪಿಐ ವಹಿವಾಟು ನಂಬರನ್ನು ನರೇಷನ್‌ನಲ್ಲಿ ಬರೆಯಿರಿ, ಹಣ ಹಾಕುವವರ ಹೆಸರನ್ನು ಲೆಡ್ಜರ್‌ನ ನೋಟ್ಸ್‌ನಲ್ಲಿ ಇಡಿ. ಯಾರದ್ದೆಂದು ತಿಳಿಯದ ಹಣವನ್ನು ಅಂದಾಜಿನ ಮೇಲೆ ಯಾರಿಗೋ ಜಮಾ ಮಾಡುವ ಬದಲು ‘ಗುರುತು ಸಿಗದ ಜಮಾ’ ಎಂಬ ಸಸ್ಪೆನ್ಸ್ ಲೆಡ್ಜರ್‌ಗೆ ಹಾಕಿ.

ವಾಪಸ್ ಬಂದ ಮಾಲಿಗೆ ಕ್ರೆಡಿಟ್ ನೋಟ್ (ಬಿಲ್ ಮೊತ್ತ ಇಳಿಸುವ ಚೀಟಿ), ಮೂಲ ಬಿಲ್ ನಂಬರ್ ಸಹಿತ. ಹಳೆ ಬಿಲ್ಲನ್ನೇ ತಿದ್ದಿ ಮೊತ್ತ ಇಳಿಸುವುದು ಬೇಡ. ತೆರಿಗೆ ಇಳಿಸಿಕೊಳ್ಳಲು ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30 ಕೊನೆಯ ಗಡುವು. ಅಷ್ಟರೊಳಗೆ ವಾರ್ಷಿಕ ರಿಟರ್ನ್ ಹಾಕಿಬಿಟ್ಟರೆ ಅದೇ ಗಡುವು. ಕೊರಿಯರ್ ವಾಪಸ್ ತಂದ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್‌ಗೂ ಇದೇ ಕ್ರಮ. ಪಾರ್ಸೆಲ್ ನಂಬರ್ ವೋಚರ್‌ನಲ್ಲಿ ಇಲ್ಲದಿದ್ದರೆ ಯಾವುದು ತಲುಪಿತು, ಯಾವುದು ತಿರುಗಿ ಬಂತು ಎಂದು ತಾಳೆ ಹಾಕುವುದು ಆಗದ ಮಾತು.

ಒಬ್ಬರಿಗೇ ಎರಡು ಲೆಡ್ಜರ್ ಆಗಿದ್ದರೆ

ಕೆಲವು ಆನ್‌ಲೈನ್ ಸಾಫ್ಟ್‌ವೇರ್‌ಗಳಲ್ಲಿ ‘ಮರ್ಜ್’ ಗುಂಡಿ ಇರುತ್ತದೆ. ಟ್ಯಾಲಿಯಲ್ಲಿ ಕೈಯಿಂದಲೇ ಮಾಡಬೇಕು, ವೋಚರ್ ಇರುವ ಲೆಡ್ಜರ್ ಡಿಲೀಟ್ ಕೂಡ ಆಗುವುದಿಲ್ಲ.

ರಿಟರ್ನ್ ಇನ್ನೂ ಫೈಲ್ ಆಗದ ತಿಂಗಳ ವೋಚರ್‌ಗಳನ್ನು ತೆರೆದು ಪಾರ್ಟಿ ಹೆಸರು ಬದಲಿಸಿ. ಫೈಲ್ ಆದ ತಿಂಗಳದ್ದನ್ನು ಮುಟ್ಟಬೇಡಿ, ಜರ್ನಲ್ (ಒಂದು ಲೆಡ್ಜರ್‌ನಿಂದ ಇನ್ನೊಂದಕ್ಕೆ ಮೊತ್ತ ಸರಿಸುವ ಎಂಟ್ರಿ) ಹಾಕಿ. ಡೂಪ್ಲಿಕೇಟ್ ಲೆಡ್ಜರ್‌ನಲ್ಲಿ ₹14,200, ₹8,650ರ ಎರಡು ಬಿಲ್ ಬಾಕಿ ಇದ್ದರೆ, ಅದನ್ನು ₹22,850ಕ್ಕೆ ಕ್ರೆಡಿಟ್ ಮಾಡಿ ಎರಡೂ ಬಿಲ್ಲಿಗೆ ಅಗೇನ್ಸ್ಟ್ ರೆಫ್ ಕೊಡಿ. ಅಸಲಿ ಲೆಡ್ಜರ್ ಡೆಬಿಟ್ ಮಾಡಿ ಅವೇ ಬಿಲ್ ನಂಬರ್‌ಗಳಿಗೆ ನ್ಯೂ ರೆಫ್ ಕೊಡಿ. ನ್ಯೂ ರೆಫ್‌ಗೆ ಜರ್ನಲ್‌ನ ತಾರೀಕೇ ಬೀಳುವುದರಿಂದ ಹಳೆ ಬಾಕಿ ಹೊಸದರಂತೆ ಕಾಣುತ್ತದೆ. ಅದಕ್ಕೆ ಡ್ಯೂ ಡೇಟ್ ಜಾಗದಲ್ಲಿ ಮೂಲ ಗಡುವು ತುಂಬಿ, ಏಜಿಂಗ್ ರಿಪೋರ್ಟನ್ನು (ಬಾಕಿ ಎಷ್ಟು ದಿನದ್ದೆಂಬ ಪಟ್ಟಿಯನ್ನು) ಡ್ಯೂ ಡೇಟ್ ಪ್ರಕಾರ ತೆಗೆಯಿರಿ. ಬಳಿಕ ಡೂಪ್ಲಿಕೇಟ್ ಲೆಡ್ಜರ್ ಹೆಸರಿನ ಮುಂದೆ ‘ಜಡ್‌ಜಡ್’ ಸೇರಿಸಿದರೆ ಅದು ಪಟ್ಟಿಯ ತಳಕ್ಕೆ ಹೋಗುತ್ತದೆ. ಏಲಿಯಾಸ್‌ನಿಂದ ಮೊಬೈಲ್ ತೆಗೆಯಿರಿ, ಜಿಎಸ್‌ಟಿ ನಂಬರ್ ಮಾತ್ರ ಇರಲಿ.

ಬಿಲ್ ಹೋದ ಮೇಲೆ ಜಿಎಸ್‌ಟಿ ನಂಬರ್ ತಪ್ಪೆಂದು ಗೊತ್ತಾದರೆ: ಜಿಎಸ್‌ಟಿಆರ್-1 ಹಾಕಿ 3ಬಿ (ತೆರಿಗೆ ಕಟ್ಟುವ ರಿಟರ್ನ್) ಇನ್ನೂ ಹಾಕದಿದ್ದರೂ ಜಿಎಸ್‌ಟಿಆರ್-1ಎಯಲ್ಲಿ (ಅದೇ ತಿಂಗಳ ತಿದ್ದುಪಡಿ ನಮೂನೆಯಲ್ಲಿ) ಮಾಲು ಪಡೆಯುವವರ ನಂಬರ್ ಬದಲಿಸಲು ಬಾರದು, ಮುಂದಿನ ತಿಂಗಳ ಜಿಎಸ್‌ಟಿಆರ್-1ರ ತಿದ್ದುಪಡಿ ಕೋಷ್ಟಕದಲ್ಲೇ ಸರಿಪಡಿಸಬೇಕು.

ಕೀಲಿ ಯಾರ ಕೈಲಿ

ಎಲ್ಲರೂ ಒಂದೇ ಪಾಸ್‌ವರ್ಡ್‌ನಲ್ಲಿ ಕೆಲಸ ಮಾಡುವ ಅಂಗಡಿಯಲ್ಲಿ ಯಾರು ಏನು ತಿದ್ದಿದರು ಎಂದು ತಿಳಿಯುವುದಿಲ್ಲ. ಆಲ್ಟ್+ಕೆ ಒತ್ತಿ ಬಳಕೆದಾರರನ್ನು ಬೇರೆ ಮಾಡಿ: ಬಿಲ್ ಹೊಡೆಯುವವರಿಗೆ ಲೆಡ್ಜರ್ ತಿದ್ದುವ ಅಧಿಕಾರ ಬೇಡ, ಪಟ್ಟಿ ಎಕ್ಸ್‌ಪೋರ್ಟ್ ಮಾಡುವ ಅಧಿಕಾರವಂತೂ ಬೇಡವೇ ಬೇಡ. ಕೆಲಸ ಬಿಟ್ಟವರ ಬಳಕೆದಾರ ಹೆಸರನ್ನು ಅದೇ ದಿನ ತೆಗೆಯಿರಿ. ವಾಟ್ಸಾಪ್ ವೆಬ್‌ನ ಲಾಗಿನ್ನೂ ಇದಕ್ಕೆ ಸೇರಿದ್ದೇ. ಕಂಪನಿಯಾಗಿ ನೋಂದಾಯಿಸಿದವರಿಗೆ 2023ರ ಏಪ್ರಿಲ್ 1ರಿಂದ ಎಡಿಟ್ ಲಾಗ್ (ಯಾರು, ಯಾವಾಗ, ಏನು ತಿದ್ದಿದರೆಂಬ ದಾಖಲೆ) ಇರುವ ಸಾಫ್ಟ್‌ವೇರ್ ಕಡ್ಡಾಯ. ಉಳಿದವರೂ ಅದನ್ನೇ ಹಾಕಿಕೊಂಡರೆ ನಷ್ಟವಿಲ್ಲ.

ಕರೆಂಟ್ ಹೋದಾಗ ತೆರೆದಿದ್ದ ಟ್ಯಾಲಿ ಡೇಟಾ ಕೆಡುವುದು ಇಲ್ಲಿ ಹೊಸದೇನಲ್ಲ. ಹೊಲಿಗೆ ಮಷಿನ್‌ಗೆ ಇನ್ವರ್ಟರ್ ಇಲ್ಲದಿದ್ದರೂ ಲೆಕ್ಕದ ಕಂಪ್ಯೂಟರ್‌ಗೆ ಯುಪಿಎಸ್ ಇರಲಿ. ದಿನದ ಕೊನೆಗೆ ಆಲ್ಟ್+ವೈ, ಬ್ಯಾಕಪ್. ಒಂದು ಪ್ರತಿ ಪೆನ್ ಡ್ರೈವ್‌ಗೆ, ಇನ್ನೊಂದು ಕ್ಲೌಡ್‌ಗೆ. ಅದೇ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿ ಇಟ್ಟದ್ದನ್ನು ಬ್ಯಾಕಪ್ ಎನ್ನಲಾಗದು. ತಿಂಗಳಿಗೊಮ್ಮೆ ಬೇರೆ ಫೋಲ್ಡರ್‌ಗೆ ರಿಸ್ಟೋರ್ ಮಾಡಿ ತೆರೆಯುತ್ತದೆಯೇ ನೋಡಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಉಳಿಸಬೇಕು, ಹಳೆ ವರ್ಷದ ಡೇಟಾ ಅಳಿಸುವ ಮುನ್ನ ಇದು ನೆನಪಿರಲಿ.

ಮೂರು ತಿಂಗಳಿಗೊಮ್ಮೆ ಪ್ರತಿ ಹೋಲ್‌ಸೇಲ್ ಗಿರಾಕಿಗೆ ಲೆಡ್ಜರ್ ಪಿಡಿಎಫ್ ವಾಟ್ಸಾಪ್ ಮಾಡಿ ಬಾಕಿ ಒಪ್ಪಿಗೆ ಕೇಳಿ. ಸಾಲ ವಸೂಲಿಯ ದಾವೆಗೆ ಕಾಲಮಿತಿ ಸಾಮಾನ್ಯವಾಗಿ ಮೂರು ವರ್ಷ. ಆ ಅವಧಿಯೊಳಗೆ ಬಾಕಿಯನ್ನು ಅವರು ಸಹಿ ಹಾಕಿ ಒಪ್ಪಿದರೆ ಮೂರು ವರ್ಷ ಅಲ್ಲಿಂದ ಹೊಸದಾಗಿ ಶುರು. ಬರೀ ‘ಓಕೆ’ ಮೆಸೇಜಿನ ಮೇಲೆ ಕೂರದೆ, ದೊಡ್ಡ ಬಾಕಿಗಳಿಗೆ ಸಹಿ, ಸೀಲು ಇರುವ ಪ್ರತಿಯನ್ನೇ ತರಿಸಿ, ಸ್ಕ್ಯಾನ್ ಮಾಡಿ, ಲೆಡ್ಜರ್ ಹೆಸರಿನ ಫೋಲ್ಡರ್‌ನಲ್ಲಿ ತಾರೀಕು ಹಾಕಿ ಇಡಿ.